ಹೊಳೆಯ ಹರಳು ಗುರುತಿಸುವ ವಿದ್ಯೆ

ಗೋಕಾಕ ಫಾಲ್ಸ್ ನೋಡಲು ಜನ ಬರುವುದು ಮಳೆಗಾಲದಲ್ಲಿ. ಘಟಪ್ರಭೆ ಕೆಂಪಾಗಿ ಉಕ್ಕಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಿ, ತೂಗುಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಕಲ್ಲಿನ ಮೇಲೆ ಆಸೆಯುಳ್ಳವರು ಬರಬೇಕಾದ್ದು ಬೇಸಿಗೆಯಲ್ಲಿ. ಆಗ ನೀರು ಇಳಿದು ಬಂಡೆ ಬಯಲಾಗಿರುತ್ತದೆ. ಕೊಣ್ಣೂರಿನ ಹತ್ತಿರ ಹೊಳೆಯ ಪಾತ್ರಕ್ಕೆ ಇಳಿದು ಒಂದು ಬೊಗಸೆ ಹರಳು ಎತ್ತಿಕೊಂಡರೆ, ಖನಿಜ ಗುರುತಿಸುವ ವಿದ್ಯೆಯ ಮೊದಲ ಪಾಠಕ್ಕೆ ಬೇಕಾದ್ದೆಲ್ಲ ಕೈಗೆ ಬಂದಂತೆಯೇ.

ಈ ಸೀಮೆಯಲ್ಲಿ ಎರಡು ಬೇರೆ ಬೇರೆ ಕಾಲದ ಕಲ್ಲುಗಳು ಒಂದನ್ನೊಂದು ಮುಟ್ಟುತ್ತವೆ. ನೀರು ಬೀಳುವ ಬಂಡೆ ಕಲಾದಗಿ ಶಿಲಾವರ್ಗಕ್ಕೆ ಸೇರಿದ ಮರಳುಗಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗವನ್ನೆಲ್ಲ ಸುತ್ತಿ, 1876ರಲ್ಲಿ ಪ್ರಕಟವಾದ ವರದಿಯಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರನ್ನೇ ಇದಕ್ಕೆ ಇಟ್ಟರು. ಭೂಮಿಯ ಮೇಲೆ ಮೀನು, ಗಿಡಮರ ಯಾವುದೂ ಹುಟ್ಟದ ಕಾಲದಲ್ಲಿ ನೀರಿನ ತಳದಲ್ಲಿ ಕೂತ ಮರಳು ಇದು. ಕಣಕಣದ ನಡುವೆ ಸಿಲಿಕಾ ಇಳಿದು ಬೆಸೆದು, ಕಲ್ಲು ಎಷ್ಟು ಗಟ್ಟಿಯಾಗಿದೆಯೆಂದರೆ ಸುತ್ತಿಗೆಯಿಂದ ಒಡೆದರೆ ಒಡಕು ಮರಳಿನ ಕಣಗಳ ಸುತ್ತ ಹಾಯುವುದಿಲ್ಲ, ಕಣಗಳನ್ನೇ ಸೀಳಿಕೊಂಡು ಹೋಗುತ್ತದೆ. ಹೊಳೆ ಅದನ್ನು ಸವೆಸಲಾರದೆ ಮೇಲಿನಿಂದ ಬೀಳುತ್ತದೆ. ಕೆಲವು ಹಾಸುಗಳ ಮೇಲೆ ಅಂದಿನ ಅಲೆಯ ಗೆರೆಗಳು ಇವತ್ತಿಗೂ ಉಳಿದಿವೆ.

ಪಶ್ಚಿಮಕ್ಕೆ, ಹುಕ್ಕೇರಿಯ ಕಡೆ ಹೊರಳಿದರೆ ನೆಲ ಬೇರೆಯಾಗುತ್ತದೆ. ಅಲ್ಲಿಯದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹೊರಬಂದ ಲಾವಾ ಪದರ ಪದರವಾಗಿ ಹರಡಿ ಆರಿದ್ದು. ಭೂವಿಜ್ಞಾನಿಗಳು ಇದನ್ನು ದಖನ್ ಟ್ರ್ಯಾಪ್ ಎನ್ನುತ್ತಾರೆ. ಕರಿಕಲ್ಲು ಕರಗಿದಲ್ಲಿ ಎರೆ ಮಣ್ಣು, ಮರಳುಗಲ್ಲು ಸವೆದಲ್ಲಿ ಮಸಾರಿ ಮತ್ತು ಮಡ್ಡಿ ನೆಲ. ಇದನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅವರು ಬಿತ್ತುವುದೇ ಅದನ್ನು ನೋಡಿ. ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಘಟಪ್ರಭೆ ಕರಿಕಲ್ಲಿನ ಸೀಮೆ ದಾಟಿ ಮರಳುಗಲ್ಲಿಗೆ ಬರುವುದರಿಂದ ಅದರ ಹರಳುಗಳಲ್ಲಿ ಎರಡೂ ಮನೆತನದವು ಇರುತ್ತವೆ. ಬಿಳಿ ಬೆಣಚುಕಲ್ಲು, ಕೆಂಪು ಜಾಸ್ಪರ್, ಕರಿಕಲ್ಲಿನ ಹೊಟ್ಟೆಯಲ್ಲಿ ಹುಟ್ಟಿದ ಅಕೀಕು, ಹಾಲಿನ ಬಣ್ಣದ ಚಾಲ್ಸಿಡೊನಿ.

ರತ್ನ ಎಂದರೆ ನಮಗೆ ಮೊದಲು ನೆನಪಾಗುವುದು ಉಂಗುರ, ಜಾತಕ, ಬೆಲೆ. ಕಲ್ಲು ಬಲ್ಲವರು ಅಲ್ಲಿಂದ ಶುರು ಮಾಡುವುದಿಲ್ಲ. ಬೆಲೆಯಿಲ್ಲದ ಹರಳನ್ನು ಸರಿಯಾಗಿ ಗುರುತಿಸಲು ಬಂದವರಿಗೆ ಮಾತ್ರ ಬೆಲೆಯುಳ್ಳದ್ದೂ ತಿಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ವಜ್ರವನ್ನೂ ಬೆಣಚುಕಲ್ಲನ್ನೂ ಪರೀಕ್ಷಿಸುವ ಕ್ರಮ ಒಂದೇ.

ಆ ಕ್ರಮದಲ್ಲಿ ಬಣ್ಣಕ್ಕೆ ಕೊನೆಯ ಸ್ಥಾನ. ಹೊಸಬರೆಲ್ಲ ಮೊದಲು ನೋಡುವುದೇ ಅದನ್ನು, ಮೋಸ ಹೋಗುವುದೂ ಅಲ್ಲೇ. ಸ್ಫಟಿಕ ಒಂದೇ ಖನಿಜ, ಆದರೆ ಬಣ್ಣವಿಲ್ಲದ್ದೂ ಇದೆ, ನೇರಳೆಯದೂ ಹಳದಿಯದೂ ಹೊಗೆಯ ಬಣ್ಣದ್ದೂ ಗುಲಾಬಿಯದೂ ಇದೆ. ಕೆಂಪು ಮತ್ತು ನೀಲ ನವರತ್ನದಲ್ಲಿ ಎರಡು ಸ್ಥಾನ ಪಡೆದಿದ್ದರೂ ಖನಿಜವಾಗಿ ಎರಡೂ ಕುರುಂದವೇ. ಚೂರು ಕ್ರೋಮಿಯಂ ಸೇರಿದರೆ ಅದು ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಮೈಸೂರು ಸೀಮೆಯಲ್ಲಿ ಸಿಗುವ ನಕ್ಷತ್ರ ಕೆಂಪು ಕೂಡ ಕುರುಂದವೇ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೂಟೈಲ್ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಕಲ್ಲನ್ನು ಗುಂಡಗೆ ಉಬ್ಬಿಸಿ ಸಾಣೆ ಹಿಡಿದರೆ ಬೆಳಕು ಆ ಸೂಜಿಗಳ ಮೇಲೆ ಬಿದ್ದು ಆರು ಕಾಲಿನ ನಕ್ಷತ್ರವಾಗಿ ಮೇಲಕ್ಕೆ ಬರುತ್ತದೆ. ಚಪ್ಪಟೆ ಮುಖಗಳಾಗಿ ಕೊಯ್ದರೆ ನಕ್ಷತ್ರ ಕಾಣುವುದಿಲ್ಲ. ಕಲ್ಲಿನ ಒಳಗನ್ನು ಓದಿದ ಮೇಲೆಯೇ ಸಾಣೆಗಾರ ಚಕ್ರಕ್ಕೆ ಕೈ ಹಾಕುವುದು ಇದಕ್ಕಾಗಿ.

ಮೊದಲ ಪರೀಕ್ಷೆ ಗಡಸುತನದ್ದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ ಹತ್ತು ಖನಿಜಗಳನ್ನು ಸಾಲಾಗಿಟ್ಟ. ಎಲ್ಲಕ್ಕಿಂತ ಮೆತ್ತಗಿನ ಬಳಪದ ಕಲ್ಲು 1, ಜಿಪ್ಸಂ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಫೆಲ್ಡ್‌ಸ್ಪಾರ್ 6, ಸ್ಫಟಿಕ 7, ಟೋಪಾಜ್ 8, ಕುರುಂದ 9, ವಜ್ರ 10. ಮೇಲಿನದು ಕೆಳಗಿನದನ್ನು ಗೀರುತ್ತದೆ, ಅಷ್ಟೇ ನಿಯಮ. ಅಂಕಿಗಳ ನಡುವಿನ ಅಂತರ ಸಮವಲ್ಲ. 9ರಿಂದ 10ಕ್ಕಿರುವ ದೂರ ಬಹಳ ದೊಡ್ಡದು. ಹೊಳೆಯ ದಂಡೆಯಲ್ಲಿ ಈ ಹತ್ತೂ ಬೇಕಾಗಿಲ್ಲ. ಬೆರಳಿನ ಉಗುರು ಎರಡೂವರೆ, ಚಾಕುವಿನ ಅಲಗು ಮತ್ತು ಕಿಟಕಿಯ ಗಾಜು ಹೆಚ್ಚುಕಡಿಮೆ ಐದೂವರೆ. ಇವಿಷ್ಟು ಸಾಕು.

ಒಂದು ಉದಾಹರಣೆ. ಕರಿಕಲ್ಲಿನ ಗುಳ್ಳೆಯೊಳಗಿಂದ ಬಿದ್ದ ಎರಡು ಬಿಳಿ ಹರಳು ಕೈಯಲ್ಲಿವೆ ಎನ್ನಿ. ಎರಡೂ ಹೊಳೆಯುತ್ತವೆ, ಎರಡೂ ಅರೆಪಾರದರ್ಶಕ. ಚಾಕುವಿನ ತುದಿ ಎಳೆದಾಗ ಒಂದರ ಮೇಲೆ ಬಿಳಿ ಪುಡಿ ಎದ್ದು ಗೀರು ಬೀಳುತ್ತದೆ. ಇನ್ನೊಂದರ ಮೇಲೆ ಚಾಕುವೇ ಸವೆದು ಬೂದುಬಣ್ಣದ ಗೆರೆ ಉಳಿಯುತ್ತದೆ. ಬೆರಳಿಂದ ಒರೆಸಿದರೆ ಆ ಗೆರೆ ಅಳಿಸಿಹೋಗುತ್ತದೆ. ಒರೆಸಿ ನೋಡುವುದನ್ನು ಮರೆಯಬಾರದು, ಎಷ್ಟೋ ಜನ ಲೋಹದ ಗುರುತನ್ನೇ ಗೀರು ಎಂದುಕೊಳ್ಳುತ್ತಾರೆ. ಗೀರು ಬಿದ್ದ ಹರಳಿನ ಪುಡಿಯ ಮೇಲೆ ಒಂದು ಹನಿ ನಿಂಬೆರಸ ಬಿಟ್ಟರೆ ಸಣ್ಣಗೆ ನೊರೆಯೇಳುತ್ತದೆ. ಅದು ಕ್ಯಾಲ್ಸೈಟ್. ಇನ್ನು ಒಡೆದು ನೋಡಬೇಕು. ಕ್ಯಾಲ್ಸೈಟ್ ಎಷ್ಟು ಸಲ ಒಡೆದರೂ ಓರೆಯಾದ ಪೆಟ್ಟಿಗೆಯ ಆಕಾರದ ಚೂರುಗಳೇ ಆಗುತ್ತವೆ, ಮುಖಗಳು ನುಣುಪಾಗಿ ಸೀಳುತ್ತವೆ. ಇನ್ನೊಂದಕ್ಕೆ ಅಂಥ ಸೀಳು ಇಲ್ಲ. ಅದು ಕಪ್ಪೆಚಿಪ್ಪಿನ ಒಳಮೈಯಂತೆ ಬಾಗಿ, ಅಂಚು ಚೂಪಾಗಿ ಒಡೆಯುತ್ತದೆ. ಅದು ಸ್ಫಟಿಕ. ಒಂದು ಚಾಕು, ಅರ್ಧ ನಿಂಬೆಹಣ್ಣು, ಒಂದು ಸುತ್ತಿಗೆ. ಇಷ್ಟರಲ್ಲಿ ಬರಿಗಣ್ಣಿಗೆ ಒಂದೇ ಎನಿಸಿದ ಎರಡು ಖನಿಜ ಬೇರೆಯಾದವು. ಈ ಸರಳತೆಯೇ ನನಗೆ ಈ ವಿದ್ಯೆಯಲ್ಲಿ ಬಹಳ ಹಿಡಿಸುವುದು.

ಮುಂದಿನದು ಒರೆ. ಅಕ್ಕಸಾಲಿಗರ ಒರೆಗಲ್ಲು ಎಲ್ಲರೂ ಕಂಡದ್ದೇ. ನುಣುಪಾದ ಕಪ್ಪು ಕಲ್ಲಿನ ಮೇಲೆ ಬಂಗಾರವನ್ನು ತಿಕ್ಕಿ, ಬಿದ್ದ ಗೆರೆಯನ್ನು ಗೊತ್ತಿರುವ ಬಂಗಾರದ ಗೆರೆಯ ಪಕ್ಕ ಇಟ್ಟು ನೋಡುತ್ತಾರೆ, ಆಮ್ಲದ ಹನಿ ತಾಗಿಸಿ ಯಾವುದು ಉಳಿಯಿತು ಎಂದು ನೋಡುತ್ತಾರೆ. ಖನಿಜಕ್ಕೂ ಅದೇ ಉಪಾಯ. ಮೆರುಗು ಹಚ್ಚದ ಬಿಳಿ ಟೈಲ್ಸಿನ ಹಿಂಬದಿ ಇಲ್ಲಿ ಒರೆಗಲ್ಲಾಗುತ್ತದೆ. ಕಪ್ಪಗೆ ಮಿರುಗುವ ಹೆಮಟೈಟ್ ಅದರ ಮೇಲೆ ಕೆಂಪು ಗೆರೆ ಬಿಡುತ್ತದೆ, ನೋಡಲು ಹಾಗೇ ಇರುವ ಮ್ಯಾಗ್ನಟೈಟ್ ಕಪ್ಪು ಗೆರೆ ಬಿಡುತ್ತದೆ. ಬಂಗಾರದಂತೆ ಹೊಳೆಯುವ ಪೈರೈಟಿನ ಒರೆ ಹಸಿರುಗಪ್ಪು. ಇಡಿಯಾಗಿದ್ದಾಗ ಸುಳ್ಳು ಹೇಳಿದ ಬಣ್ಣ ಪುಡಿಯಾದಾಗ ನಿಜ ಹೇಳುತ್ತದೆ.

ಕೊಯ್ದು ಮೆರುಗು ಕೊಟ್ಟ ರತ್ನವನ್ನು ಗೀರಿ, ಒಡೆದು, ತಿಕ್ಕಿ ನೋಡುವಂತಿಲ್ಲ. ಅದಕ್ಕೆ ತಕ್ಕಡಿ ಇದೆ. ಕಲ್ಲನ್ನು ಗಾಳಿಯಲ್ಲಿ ತೂಗಬೇಕು. ಬಳಿಕ ತೆಳು ದಾರ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ ತೂಗಬೇಕು. ಒಂದು ಅಕೀಕು ಗಾಳಿಯಲ್ಲಿ 52 ಗ್ರಾಂ ತೂಗಿ ನೀರಿನಲ್ಲಿ 32 ಗ್ರಾಂ ತೂಗಿದರೆ ಕಳೆದುಕೊಂಡದ್ದು 20 ಗ್ರಾಂ. 52ನ್ನು 20ರಿಂದ ಭಾಗಿಸಿದರೆ 2.6. ಅಂದರೆ ಅದು ಅಷ್ಟೇ ಗಾತ್ರದ ನೀರಿಗಿಂತ ಎರಡೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಭಾರ. ಸ್ಫಟಿಕಕ್ಕೆ ಈ ಅಂಕಿ 2.65, ವಜ್ರಕ್ಕೆ 3.52, ಕುರುಂದಕ್ಕೆ ಸುಮಾರು 4, ಬಂಗಾರಕ್ಕೆ 19.3. ವಜ್ರದ ಬದಲಿಗೆ ಮಾರುವ ಕ್ಯೂಬಿಕ್ ಜಿರ್ಕೋನಿಯಾ ಐದೂವರೆಗೂ ಮೇಲೆ. ಕಲ್ಲಿಗೆ ಒಂದಿಷ್ಟೂ ನೋವಾಗದೆ ಅದರ ಜಾತಿ ಹೊರಬೀಳುತ್ತದೆ. ನೀರು, ದಾರ, ತಕ್ಕಡಿಯಿಂದ ಮಾಡಬಹುದಾದ ಇಷ್ಟು ಖಚಿತವಾದ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ. ಹೈಸ್ಕೂಲಿನ ಯಾವ ಮೇಷ್ಟ್ರಾದರೂ ಇದನ್ನು ಮಕ್ಕಳಿಂದ ಮಾಡಿಸಬಹುದು.

ಈಗ ಅಕೀಕಿನ ಕಥೆಗೆ ಬರೋಣ, ಈ ಹೊಳೆಯ ನಿಜವಾದ ರತ್ನ ಅದೇ. ಲಾವಾ ಆರುವಾಗ ಅದರೊಳಗಿನ ಅನಿಲ ಹೊರಹೋಗಲಾರದೆ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸಾವಿರ ಸಾವಿರ ವರ್ಷ ಕಲ್ಲಿನ ಬಿರುಕಿನಿಂದ ಸಿಲಿಕಾ ತುಂಬಿದ ನೀರು ಒಳಗಿಳಿದು, ಗುಳ್ಳೆಯ ಗೋಡೆಗೆ ತೆಳು ಪದರ ಹಚ್ಚುತ್ತ ಬರುತ್ತದೆ. ನೀರಿನಲ್ಲಿ ಕಬ್ಬಿಣ ಹೆಚ್ಚಿದ ಕಾಲಕ್ಕೆ ಪದರ ಕಂದು, ಕಡಿಮೆಯಾದಾಗ ಬೂದು ಇಲ್ಲವೆ ಬಿಳಿ. ಅಕೀಕನ್ನು ಅಡ್ಡ ಕೊಯ್ದಾಗ ಕಾಣುವ ಪಟ್ಟೆಗಳು ಹೀಗೆ ಆದವು. ನಡುವೆ ಜಾಗ ಉಳಿದರೆ ಅಲ್ಲಿ ಸ್ಫಟಿಕದ ಮೊನೆಗಳು ಬೆಳೆಯುತ್ತವೆ. ಸುತ್ತಲಿನ ಕರಿಕಲ್ಲು ಮಣ್ಣಾದರೂ ಗಟ್ಟಿಯಾದ ಅಕೀಕು ಉಳಿದು, ಮಳೆಗೆ ಹಳ್ಳ ಸೇರಿ, ಹೊಳೆಯಲ್ಲಿ ಉರುಳಿ ನುಣುಪಾಗುತ್ತದೆ.

ಸಿಲಿಕಾ ತುಂಬಿದ ಇಂಥ ಗಟ್ಟಿ ಕಲ್ಲುಗಳ ಗುಣವನ್ನು ಮನುಷ್ಯ ಈ ದಂಡೆಯಲ್ಲೇ ಬಹಳ ಹಿಂದೆ ಕಂಡುಕೊಂಡಿದ್ದ. ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲಿ, ಇದೇ ಘಟಪ್ರಭೆಯ ಹಳೆಯ ಗರಸಿನಲ್ಲಿ, ಆದಿಮಾನವರ ಕೈಗೊಡಲಿಗಳು ಸಿಕ್ಕಿವೆ. ಅವಕ್ಕೆ ಬಳಸಿದ್ದು ಕಲಾದಗಿಯ ಗಟ್ಟಿ ಮರಳುಗಲ್ಲು. ಪೆಟ್ಟು ಕೊಟ್ಟ ಕಡೆಗೆ ಬಾಗಿ ಒಡೆದು ಚೂಪು ಅಂಚು ಕೊಡುವ ಕಲ್ಲೇ ಬೇಕೆಂದು ಅವರಿಗೆ ತಿಳಿದಿತ್ತು. ಮುಂದಿನ ಕಾಲದವರು ಸಣ್ಣ ಅಲಗುಗಳಿಗೆ ಅಕೀಕು, ಜಾಸ್ಪರ್, ಚರ್ಟ್ ಆರಿಸಿಕೊಂಡರು. ಖನಿಜಶಾಸ್ತ್ರದ ಪುಸ್ತಕ ಬರುವ ಲಕ್ಷಾಂತರ ವರ್ಷ ಮುಂಚೆ ಕಲ್ಲಿನ ಒಡಕನ್ನು ಬಲ್ಲ ಕೈಗಳು ಇಲ್ಲಿದ್ದವು.

ಅಲಗಿನಿಂದ ಮಣಿಗೆ ಬಂದಾಗ ಈ ವಿದ್ಯೆ ಕಲೆಯಾಯಿತು. ರಾಯಚೂರು ಸೀಮೆಯ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಕೀಕು ಮತ್ತು ಕೆಂಪು ಕಾರ್ನೇಲಿಯನ್ ಮಣಿಗಳು ಸಿಕ್ಕವು. ಅಂದಹಾಗೆ, ಅಶೋಕನ ಹೆಸರಿರುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಬಂಗಾರ ಹುಡುಕುತ್ತಿದ್ದ ಗಣಿ ಎಂಜಿನಿಯರ್. ಕಲ್ಲು ನೋಡುತ್ತ ಹೋದವರಿಗೆ ಚರಿತ್ರೆ ಸಿಗುವುದು ನಮ್ಮ ನಾಡಿನಲ್ಲಿ ಹೊಸತಲ್ಲ. ದಖನ್ನಿನ ಅಕೀಕು ದೂರ ಹೋಗುತ್ತಿದ್ದುದಕ್ಕೂ ದಾಖಲೆ ಇದೆ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್, ಪೈಠಣದಿಂದ ಭರೂಚಿನ ಬಂದರಿಗೆ ಪಟ್ಟೆಗಲ್ಲು ಹೇರಳವಾಗಿ ಇಳಿದು ಬರುತ್ತಿತ್ತು ಎನ್ನುತ್ತದೆ.

ಆ ಮಣಿ ಹೇಗೆ ಆಗುತ್ತಿತ್ತು ಎಂಬುದನ್ನು ಇಂದಿಗೂ ಕಣ್ಣಾರೆ ನೋಡಬೇಕೆಂದರೆ ಗುಜರಾತಿನ ಖಂಭಾತಕ್ಕೆ ಹೋಗಬೇಕು. ಅಲ್ಲಿನ ಕುಶಲಕರ್ಮಿಗಳು ಅಕೀಕಿನ ಉಂಡೆಗಳನ್ನು ಮೊದಲು ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಬಳಿಕ ಮಣ್ಣಿನ ಕುಡಿಕೆಯಲ್ಲಿಟ್ಟು ನಿಧಾನ ಕಾವಿನಲ್ಲಿ ಸುಡುತ್ತಾರೆ. ಕಲ್ಲಿನೊಳಗಿನ ಹಳದಿ ಕಬ್ಬಿಣದಂಶ ಕಾವಿಗೆ ನೀರು ಬಿಟ್ಟು ಕೆಂಪಾಗುತ್ತದೆ, ಮಂಕು ಕಂದಿನ ಕಲ್ಲು ಕಾರ್ನೇಲಿಯನ್ ಆಗುತ್ತದೆ. ಅವಸರ ಮಾಡಿದರೆ ಕಲ್ಲು ಸಿಡಿದು ಚೂರಾಗುತ್ತದೆ. ಸುಟ್ಟ ಕಲ್ಲು ಕೆತ್ತಲೂ ಸುಲಭ. ಕೆತ್ತುವಾಗ ಉಳಿಯನ್ನು ಕಲ್ಲಿನ ಮೇಲಿಟ್ಟು ಹೊಡೆಯುವುದಿಲ್ಲ. ಮೊನೆಯುಳ್ಳ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರಿ, ಕಲ್ಲನ್ನು ಅದರ ತುದಿಗೆ ಒತ್ತಿ ಹಿಡಿದು, ಆಚೆ ಬದಿಯಿಂದ ಎಮ್ಮೆಯ ಕೊಂಬಿನ ತಲೆಯುಳ್ಳ ಹಗುರ ಸುತ್ತಿಗೆಯಿಂದ ತಟ್ಟುತ್ತಾರೆ. ಪೆಟ್ಟು ಮೇಲೆ, ಚಕ್ಕೆ ಹಾರುವುದು ಕೆಳಗೆ. ಎಷ್ಟು ಓರೆ ಹಿಡಿದರೆ ಎಷ್ಟು ದೊಡ್ಡ ಚಕ್ಕೆ ಏಳುತ್ತದೆ ಎಂಬುದು ಬೆರಳಿಗೆ ಗೊತ್ತಿರುತ್ತದೆ, ಬಾಯಿಂದ ಹೇಳಲು ಬರುವುದಿಲ್ಲ. ಕೊನೆಗೆ ತೂತು. ಬಿಲ್ಲಿನಿಂದ ತಿರುಗುವ ಬೈರಿಗೆಯ ತುದಿಗೆ ಕಾಳಿಗಿಂತ ಸಣ್ಣ ಎರಡು ವಜ್ರದ ಚೂರು ಕೂರಿಸಿ, ನೀರು ತೊಟ್ಟಿಕ್ಕಿಸುತ್ತ ಕೊರೆಯುತ್ತಾರೆ. ಒಂದು ತುದಿಯಿಂದ ಅರ್ಧ, ಇನ್ನೊಂದು ತುದಿಯಿಂದ ಅರ್ಧ. ಎರಡೂ ಒಳಗೆ ಸಂಧಿಸಬೇಕು. ಹಳೆಯ ಮಣಿಯನ್ನು ಬೆಳಕಿಗೆ ಹಿಡಿದರೆ ತೂತಿನ ನಡುವೆ ಆ ಕೂಡಿಕೆ ಸಣ್ಣ ಮೆಟ್ಟಿಲಾಗಿ ಕಾಣುವುದುಂಟು. ಗಡಸುತನ 7 ಇರುವ ಕಲ್ಲನ್ನು 10 ಇರುವ ಕಲ್ಲಿನಿಂದ ಕೊರೆಯುವ ಜಾಣ್ಮೆ ಮೋಸ್‌ಗಿಂತ ಎಷ್ಟೋ ಹಿಂದಿನದು.

ಈ ಜ್ಞಾನವನ್ನು ಬರೆದಿಟ್ಟವರೂ ನಮ್ಮಲ್ಲಿದ್ದರು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಬೊಕ್ಕಸದ ಮಾತು ಬಂದಾಗ ರತ್ನಪರೀಕ್ಷೆ ಬರುತ್ತದೆ. ವಜ್ರ, ಮುತ್ತು, ಮಾಣಿಕ್ಯ, ನೀಲ, ಪಚ್ಚೆಗಳ ಗುಣದೋಷಗಳನ್ನು ಅಲ್ಲಿ ವಿಚಾರಿಸಲಾಗಿದೆ. ನಮ್ಮ ಹಳೆಯ ರತ್ನಶಾಸ್ತ್ರಗಳು ಒಳ್ಳೆಯ ವಜ್ರಕ್ಕೆ ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚು ಇರಬೇಕು ಎನ್ನುತ್ತವೆ. ರೇಖಾಗಣಿತದ ಅಷ್ಟಮುಖಿಯ ಲೆಕ್ಕ ಅದೇ, ವಜ್ರ ಸಹಜವಾಗಿ ಬೆಳೆಯುವ ಆಕಾರವೂ ಅದೇ. ಎಲ್ಲವನ್ನೂ ವಜ್ರ ಗೀರುತ್ತದೆ, ವಜ್ರವನ್ನು ಮತ್ತಾವುದೂ ಗೀರದು ಎಂಬುದನ್ನೂ ಅವು ಹೇಳಿವೆ. ಅದೃಷ್ಟ, ಅನಿಷ್ಟದ ಮಾತುಗಳೂ ಅವುಗಳಲ್ಲಿ ಬೆರೆತಿವೆ ನಿಜ. ಆದರೆ ಕಣ್ಣಿಟ್ಟು ನೋಡಿ ಬರೆದ ಭಾಗ ಎಷ್ಟು ಖಚಿತವಾಗಿದೆ ಎಂದು ಕಂಡಾಗ ಗೌರವ ಹುಟ್ಟುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್ ಅಲ್ಲಿನ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಮಾರಾಟಕ್ಕಿದ್ದುದನ್ನು ಬರೆದಿದ್ದಾನೆ. ಮುತ್ತುರತ್ನವನ್ನು ಬಳ್ಳದಿಂದ ಅಳೆದರೆಂಬ ಮಾತು ನಮ್ಮ ಮಕ್ಕಳಿಗೂ ಗೊತ್ತು. ಅಳೆಯುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ ಪರೀಕ್ಷಕರ ನೆನಪು ಉಳಿದಿಲ್ಲ.

ಆ ಪರೀಕ್ಷಕರ ಕೆಲಸ ಈಗ ಇನ್ನಷ್ಟು ಕಷ್ಟವಾಗಿದೆ. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಉರಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ತಕ್ಕಡಿಯೂ ಗಡಸುತನವೂ ಸಾಲದಾದವು, ಏಕೆಂದರೆ ಬೆಳೆಸಿದ್ದೂ ನಿಜವಾದ ಕುರುಂದವೇ. ಆಗ ನೆರವಾಗುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಭೂಮಿಯಲ್ಲಿ ಬೆಳೆದ ಕಲ್ಲಿನೊಳಗಿನ ಬೆಳವಣಿಗೆಯ ಗೆರೆಗಳು ನೇರ, ಕೋನ ಕೋನ. ಉರಿಯಲ್ಲಿ ಬೆಳೆಸಿದ್ದರಲ್ಲಿ ಅವು ಬಾಗಿರುತ್ತವೆ. ಗಾಜಿನಲ್ಲಿ ದುಂಡು ಗುಳ್ಳೆಗಳು ಕಾಣುತ್ತವೆ. ಗಾಜು ಕೆನ್ನೆಗೆ ಬೆಚ್ಚಗೆ ತಾಗುತ್ತದೆ, ಸ್ಫಟಿಕ ತಣ್ಣಗೆ. ವಜ್ರದ ಮೇಲೆ ಉಸಿರು ಬಿಟ್ಟರೆ ಮಂಜು ಕೂತ ಕ್ಷಣವೇ ಮಾಯ, ವಜ್ರ ಕಾವನ್ನು ಅಷ್ಟು ಬೇಗ ಹರಿಸುತ್ತದೆ. ಮೊಯ್ಸನೈಟ್ ಕೂಡ ಹಾಗೇ ಕಾವು ಹರಿಸುವುದರಿಂದ ಕಾವು ಹರಿಯುವುದನ್ನು ನೋಡಿ ವಜ್ರ ಗುರುತಿಸುವ ಅಂಗಡಿಯ ಸಣ್ಣ ಉಪಕರಣವೂ ಕೆಲವೊಮ್ಮೆ ಮೋಸಹೋಗುತ್ತದೆ. ಗಡಸುತನ ಬೇರೆ, ತಾಳಿಕೆ ಬೇರೆ ಎಂಬುದೂ ನೆನಪಿರಲಿ. ವಜ್ರವನ್ನು ಬೇರೆ ಯಾವ ಖನಿಜವೂ ಗೀರದಿದ್ದರೂ ಸುತ್ತಿಗೆಯ ಪೆಟ್ಟಿಗೆ ಅದು ಸೀಳುತ್ತದೆ. ಅಡಿಗಲ್ಲಿನ ಮೇಲಿಟ್ಟು ಹೊಡೆದರೆ ನಿಜವಾದ ವಜ್ರ ಒಡೆಯದು ಎಂಬುದು ಸುಳ್ಳು ನಂಬಿಕೆ. ಹಣ ಕೊಟ್ಟು ಕೊಳ್ಳುವ ಹರಳಿಗೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳುವುದೇ ಸರಿಯಾದ ದಾರಿ.

ಕೊಣ್ಣೂರಿನ ಕಲ್ಲಿನ ಮಾತು ಅಲ್ಲಿನ ಗೋರಿಗಳನ್ನು ಬಿಟ್ಟರೆ ಮುಗಿಯುವುದಿಲ್ಲ. ಊರಿನ ಹತ್ತಿರ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಮುಚ್ಚಿದ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥವನ್ನು ಮೋರೇರ ಮನೆ ಎನ್ನುತ್ತಾರೆ, ಬೇರೆ ಕಡೆ ಪಾಂಡವರ ಮನೆ ಎನ್ನುವ ರೂಢಿ. ಉತ್ತರ ಕರ್ನಾಟಕದ ಇಂಥ ಗೋರಿಗಳನ್ನು ಅಭ್ಯಾಸ ಮಾಡಿದ ಅ. ಸುಂದರ ಅವರು ದಕ್ಷಿಣ ಭಾರತದ ಆದಿಕಾಲದ ಕೋಣೆಗೋರಿಗಳ ಮೇಲೆ 1975ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ದಕ್ಷಿಣ ಭಾರತದ ಈ ಬಗೆಯ ಗೋರಿಗಳಲ್ಲಿ ಸತ್ತವರ ಜೊತೆಗಿಟ್ಟ ಕಾರ್ನೇಲಿಯನ್ ಮಣಿಗಳು ಸಿಗುತ್ತವೆ. ಕೆಲವುಗಳ ಮೇಲೆ ಕ್ಷಾರದ ಲೇಪದಿಂದ ಗೆರೆ ಬರೆದು ಸುಟ್ಟು ಮೂಡಿಸಿದ ಬಿಳಿ ಚಿತ್ತಾರವೂ ಇರುತ್ತದೆ. ಕಾವು ಕಲ್ಲಿಗೆ ಏನು ಮಾಡುತ್ತದೆ ಎಂಬುದನ್ನು ಅವರು ಎಷ್ಟು ಚೆನ್ನಾಗಿ ತಿಳಿದಿದ್ದರೆಂದು ಅಂಥ ಒಂದು ಮಣಿ ಹೇಳುತ್ತದೆ. ಆದರೆ ಹೇಳುವುದು ಅದು ಇದ್ದ ಜಾಗದಲ್ಲಿ ಇದ್ದಾಗ ಮಾತ್ರ. ನಿಧಿಯ ಆಸೆಗೆ ಅಗೆದು ತೆಗೆದ ಮಣಿ ಪೇಟೆಯಲ್ಲಿ ನಾಲ್ಕು ಕಾಸಿನ ಕೆಂಪು ಕಲ್ಲು, ಅಗೆದ ಗೋರಿ ಬರೀ ಗುಂಡಿ.

ಕಲ್ಲು ಕಲಿಯಲು ಹೊರಡುವ ಹುಡುಗರಿಗೆ, ಅವರನ್ನು ಕರೆದೊಯ್ಯುವ ಗುರುಗಳಿಗೆ ನನ್ನ ವಿನಂತಿ ಇಷ್ಟೇ. ಹೊಳೆಯ ಹರಳು ಎತ್ತಿಕೊಳ್ಳಿ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಚೀಟಿ ಬರೆದು ಅದರ ಜೊತೆಗಿಡಿ. ಚೀಟಿ ಇಲ್ಲದ ಕಲ್ಲು ಯಾವ ಸಂಗ್ರಹಕ್ಕೂ ಬೇಡ. ಫಾಲ್ಸಿನ ಅಂಚಿಗೆ ಹೋಗಬೇಡಿ, ಮೇಲೆ ಮಳೆಯಾಗಿ ನೀರು ಯಾವಾಗ ಏರುತ್ತದೆಂದು ಹೇಳಲಾಗದು. ಗೋರಿಗಳ ಒಂದು ಚಪ್ಪಡಿಯನ್ನೂ ಅಲುಗಿಸಬೇಡಿ. ಹೊಲ ಉಳುವಾಗ, ಪಾಯ ತೋಡುವಾಗ ಮಣಿಯೋ ಮಡಕೆಯೋ ಎದ್ದರೆ ಕೆಲಸ ನಿಲ್ಲಿಸಿ ತಹಶೀಲ್ದಾರ ಕಚೇರಿಗೆ ಇಲ್ಲವೆ ಪುರಾತತ್ವ ಇಲಾಖೆಗೆ ತಿಳಿಸಿ.